ಹದಿಮೂರಕ್ಕೆ ಹದಿಮೂರು ಗೆದ್ದರೂ ಸಾಲದು: ಅಮೆರಿಕದ ಕಾಲೇಜು ಫುಟ್‌ಬಾಲ್ ತನ್ನ ಚಾಂಪಿಯನ್ನನ್ನು ಆರಿಸುವ ಬಗೆ

2023ರ ಡಿಸೆಂಬರ್ 3ರಂದು ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರು ಟಿ.ವಿ. ಪರದೆಯ ಮುಂದೆ ಸೇರಿದ್ದರು. ಆ ವರ್ಷ ಅವರ ತಂಡ ಆಡಿದ್ದು ಹದಿಮೂರು ಪಂದ್ಯ, ಗೆದ್ದದ್ದೂ ಹದಿಮೂರು. ರಾಷ್ಟ್ರೀಯ ಪಟ್ಟಕ್ಕಾಗಿ ಸೆಣಸಲಿರುವ ನಾಲ್ಕು ತಂಡಗಳ ಹೆಸರು ಅಂದು ಪ್ರಕಟವಾಗಬೇಕಿತ್ತು. ಮಿಶಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮ ಎಂಬ ಹೆಸರುಗಳು ಬಂದವು. ಫ್ಲಾರಿಡಾ ಸ್ಟೇಟ್ ಬರಲಿಲ್ಲ. ಈ ನಾಲ್ಕರಲ್ಲಿ ಕೊನೆಯ ಎರಡು ತಂಡಗಳು ಆ ವರ್ಷ ತಲಾ ಒಂದು ಪಂದ್ಯ ಸೋತಿದ್ದವು. ಸೋಲನ್ನೇ ಕಾಣದ ತಂಡವನ್ನು ಹೊರಗಿಟ್ಟು ಸೋತ ತಂಡಗಳನ್ನು ಒಳಗೆ ಕರೆದದ್ದಕ್ಕೆ ಆಯ್ಕೆ ಸಮಿತಿ ಕೊಟ್ಟ ಕಾರಣ ಇಷ್ಟು: ಫ್ಲಾರಿಡಾ ಸ್ಟೇಟ್ ತಂಡದ ಮುಖ್ಯ ಆಟಗಾರ ನವೆಂಬರ್‌ನಲ್ಲಿ ಗಾಯಗೊಂಡಿದ್ದಾನೆ, ಅವನಿಲ್ಲದ ತಂಡ ಹಿಂದಿನ ತಂಡವಲ್ಲ.

ಕ್ರಿಕೆಟ್ಟಿನ ಅಂಕಪಟ್ಟಿಗಳನ್ನು ನೋಡಿ ಬೆಳೆದ ನಮಗೆ ಇದು ವಿಚಿತ್ರವಾಗಿ ಕಾಣುತ್ತದೆ. ಗೆದ್ದವರು ಮುಂದೆ ಹೋಗುತ್ತಾರೆ, ಸೋತವರು ಮನೆಗೆ ಹೋಗುತ್ತಾರೆ. ನಡುವೆ ಸಮಿತಿಗೆ ಏನು ಕೆಲಸ? ಕರ್ನಾಟಕದ ಅನೇಕ ಮನೆಗಳ ಮಕ್ಕಳು ಇಂದು ಓಹಿಯೊ ಸ್ಟೇಟ್, ಟೆಕ್ಸಸ್ ಎ ಅಂಡ್ ಎಂ, ಅರಿಜೋನಾ ಸ್ಟೇಟ್‌ನಂತಹ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದು, ಪ್ರತಿ ಡಿಸೆಂಬರ್‌ನಲ್ಲಿ ಅವರು ಫೋನಿನಲ್ಲಿ ಉದ್ವೇಗದಿಂದ ಹೇಳುವ ಈ ಜಗಳದ ತಲೆಬುಡ ಇಲ್ಲಿರುವ ತಂದೆತಾಯಿಗೆ ತಿಳಿಯುವುದಿಲ್ಲ. ಅದನ್ನು ತಿಳಿಯಲು ನೂರೈವತ್ತು ವರ್ಷಗಳಷ್ಟು ಹಿಂದಿನಿಂದ ಬರಬೇಕಾಗುತ್ತದೆ.

ಆಟ ಯಾವುದು, ಆಡುವವರು ಯಾರು

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಹೇಳುವ ಕಾಲ್ಚೆಂಡಾಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲೇ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಅಡ್ಡಗಟ್ಟಿ ಕೆಡಹುವ ಅಮೆರಿಕನ್ ಫುಟ್‌ಬಾಲ್ ಇದು. ಒಂದೊಂದು ಕಡೆ ಹನ್ನೊಂದು ಆಟಗಾರರು, ನೂರು ಗಜ ಉದ್ದದ ಮೈದಾನ. ಚೆಂಡು ಕೈಯಲ್ಲಿರುವ ತಂಡಕ್ಕೆ ಹತ್ತು ಗಜ ಮುಂದೆ ಸಾಗಲು ನಾಲ್ಕು ಯತ್ನಗಳಿರುತ್ತವೆ. ಅಷ್ಟರಲ್ಲಿ ಸಾಗಿದರೆ ಮತ್ತೆ ನಾಲ್ಕು ಸಿಗುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಯತ್ನದ ಆರಂಭದಲ್ಲಿ ಚೆಂಡನ್ನು ಪಡೆದು ಅದನ್ನು ಯಾರಿಗೆ ಕೊಡಬೇಕು, ಎಲ್ಲಿಗೆ ಎಸೆಯಬೇಕು ಎಂದು ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ಫ್ಲಾರಿಡಾ ಸ್ಟೇಟ್ ಕಳೆದುಕೊಂಡದ್ದು ಈ ಆಟಗಾರನನ್ನೇ.

ಕಾಲೇಜುಗಳ ನಡುವಿನ ಮೊದಲ ಪಂದ್ಯ 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ನಡೆಯಿತು. ಇದು ನಮ್ಮ ಅಂತರ ಕಾಲೇಜು ಕ್ರೀಡಾಕೂಟಗಳಂತೆ ಬೆರಳೆಣಿಕೆಯ ಪ್ರೇಕ್ಷಕರ ಮುಂದೆ ನಡೆಯುವ ಆಟವಾಗಿ ಉಳಿಯಲಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ 1,07,601 ಆಸನಗಳಿವೆ.

ಕಾಲೇಜು ಫುಟ್‌ಬಾಲಿನ ಅತಿ ಮೇಲಿನ ದರ್ಜೆಯಲ್ಲಿ 2025ರ ಋತುವಿನಲ್ಲಿ 136 ತಂಡಗಳಿದ್ದವು. ಇವುಗಳಲ್ಲಿ ಹೆಚ್ಚಿನವು ಕಾನ್ಫರೆನ್ಸ್ ಎಂಬ ಕೂಟಗಳಾಗಿ ಹಂಚಿಕೊಂಡಿವೆ. ಕಾನ್ಫರೆನ್ಸನ್ನು ರಣಜಿ ಟ್ರೋಫಿಯಲ್ಲಿ ಹಿಂದೆ ಇದ್ದ ವಲಯದಂತೆ ತಿಳಿದುಕೊಳ್ಳಬಹುದು, ಆದರೆ ಒಂದು ವ್ಯತ್ಯಾಸವಿದೆ: ವಲಯಗಳನ್ನು ಕ್ರಿಕೆಟ್ ಮಂಡಳಿ ಗೆರೆ ಎಳೆದು ಹಂಚುತ್ತಿತ್ತು, ಕಾನ್ಫರೆನ್ಸುಗಳು ವಿಶ್ವವಿದ್ಯಾಲಯಗಳೇ ಒಪ್ಪಂದ ಮಾಡಿಕೊಂಡು ಕಟ್ಟಿಕೊಂಡ ಸಂಘಗಳು. ಟಿ.ವಿ. ಹಣದ ಹಂಚಿಕೆ ಇವುಗಳ ಕೈಯಲ್ಲೇ ಇರುವುದರಿಂದ ಹೆಚ್ಚು ಹಣ ಸಿಗುವ ಕಡೆಗೆ ವಿಶ್ವವಿದ್ಯಾಲಯಗಳು ಜಿಗಿಯುವುದೂ ಉಂಟು. ಹಾಗೆ ಜಿಗಿದೂ ಜಿಗಿದೂ ‘ಬಿಗ್ ಟೆನ್’ ಎಂಬ ಕೂಟದಲ್ಲಿ ಈಗ ಹದಿನೆಂಟು ಸದಸ್ಯರಿದ್ದಾರೆ, ‘ಬಿಗ್ 12’ರಲ್ಲಿ ಹದಿನಾರು. ಹೆಸರು ಬದಲಿಸುವ ಗೋಜಿಗೆ ಯಾರೂ ಹೋಗಿಲ್ಲ. ಈ ಎರಡರ ಜೊತೆಗೆ ದಕ್ಷಿಣದ ಎಸ್‌ಇಸಿ ಮತ್ತು ಅಟ್ಲಾಂಟಿಕ್ ಕರಾವಳಿಯ ಎಸಿಸಿ ಸೇರಿ ನಾಲ್ಕು ದೊಡ್ಡ ಕಾನ್ಫರೆನ್ಸುಗಳಾಗುತ್ತವೆ, ಉಳಿದವು ಸಣ್ಣವು. ಯಾವ ಕೂಟಕ್ಕೂ ಸೇರದೆ ತನ್ನ ಹೆಸರಿನ ಬಲದ ಮೇಲೆ ನಿಂತಿರುವ ನೋಟರ್‌ಡಾಮ್ ಎಂಬ ವಿಶ್ವವಿದ್ಯಾಲಯವೂ ಇದೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ತಂಡಗಳು ಹೆಚ್ಚು, ಪಂದ್ಯಗಳು ಕಡಿಮೆ

ಎಲ್ಲ ತೊಡಕಿನ ಬೇರು ಸರಳವಾದ ಒಂದು ಲೆಕ್ಕದಲ್ಲಿದೆ. 136 ತಂಡಗಳಲ್ಲಿ ಪ್ರತಿಯೊಂದೂ ಉಳಿದ ಎಲ್ಲದರೊಡನೆ ಒಂದೊಂದು ಸಲ ಆಡಬೇಕಾದರೆ 9,180 ಪಂದ್ಯಗಳಾಗಬೇಕು. ಆದರೆ ಮೈಗೆ ಮೈ ಬಡಿಯುವ ಈ ಆಟವನ್ನು ವಾರಕ್ಕೊಂದಕ್ಕಿಂತ ಹೆಚ್ಚು ಆಡಲಾಗದು. ಆದ್ದರಿಂದ ಒಂದು ತಂಡಕ್ಕೆ ವರ್ಷಕ್ಕೆ ಸಿಗುವುದು ಹನ್ನೆರಡು ಪಂದ್ಯ, ಕಾನ್ಫರೆನ್ಸಿನ ಫೈನಲ್ ತಲುಪಿದರೆ ಹದಿಮೂರು. ಎಲ್ಲ ತಂಡಗಳ ಪಂದ್ಯಗಳನ್ನು ಒಟ್ಟು ಸೇರಿಸಿದರೂ ಎಂಟುನೂರರ ಸುತ್ತಮುತ್ತ ನಿಲ್ಲುತ್ತದೆ. ಅಂದರೆ ಹತ್ತು ಜೋಡಿಗಳಲ್ಲಿ ಒಂಬತ್ತಕ್ಕೂ ಹೆಚ್ಚು ಜೋಡಿಗಳು ಒಂದೇ ವರ್ಷದಲ್ಲಿ ಎದುರುಬದುರಾಗುವುದೇ ಇಲ್ಲ.

ಹತ್ತು ತಂಡಗಳಿಗೆ ತಲಾ ಹದಿನಾಲ್ಕು ಲೀಗ್ ಪಂದ್ಯಗಳಿರುವ ಐಪಿಎಲ್‌ನಲ್ಲಿ ಅಂಕಪಟ್ಟಿಯ ಮಾತಿಗೆ ತೂಕವಿದೆ, ಏಕೆಂದರೆ ಎಲ್ಲರೂ ಎಲ್ಲರನ್ನೂ ಎದುರಿಸಿರುತ್ತಾರೆ. ಕಾಲೇಜು ಫುಟ್‌ಬಾಲಿನಲ್ಲಿ ಒಂದು ತಂಡ ಬಲಿಷ್ಠರ ನಡುವೆ ಹತ್ತು ಗೆದ್ದು ಎರಡು ಸೋತಿರುತ್ತದೆ, ಇನ್ನೊಂದು ದುರ್ಬಲರ ನಡುವೆ ಹನ್ನೆರಡಕ್ಕೆ ಹನ್ನೆರಡೂ ಗೆದ್ದಿರುತ್ತದೆ. ಒಬ್ಬ ವಿದ್ಯಾರ್ಥಿ ರಾಜ್ಯ ಪಠ್ಯಕ್ರಮದಲ್ಲಿ, ಇನ್ನೊಬ್ಬ ಸಿಬಿಎಸ್‌ಇಯಲ್ಲಿ, ಮತ್ತೊಬ್ಬ ಐಸಿಎಸ್‌ಇಯಲ್ಲಿ ಓದಿ ತಂದ ಅಂಕಗಳನ್ನು ಮುಂದಿಟ್ಟುಕೊಂಡು ಒಂದೇ ಸೀಟನ್ನು ಯಾರಿಗೆ ಕೊಡಬೇಕೆಂದು ಕೇಳಿದರೆ ಹೇಗಾಗುತ್ತದೋ ಇದೂ ಹಾಗೆಯೇ. ಶೇಕಡಾ 98 ತಂದವನೇ 94 ತಂದವನಿಗಿಂತ ಜಾಣನೆಂದು ಹೇಳಲಾಗದು, ಏಕೆಂದರೆ ಅವರು ಬರೆದ ಪ್ರಶ್ನೆಪತ್ರಿಕೆಗಳೇ ಬೇರೆ. ಎದುರಿಸಿದ ಎದುರಾಳಿಗಳ ಈ ಗಡಸುತನವನ್ನು ಆಟದ ಪಂಡಿತರು ‘ವೇಳಾಪಟ್ಟಿಯ ಬಲ’ ಎನ್ನುತ್ತಾರೆ. ಅದನ್ನು ಅಳೆಯುವುದು ಹೇಗೆ ಎಂಬುದರ ಮೇಲೆಯೇ ಮುಂದಿನ ಎಲ್ಲ ವಾದಗಳೂ ನಿಂತಿವೆ.

ಇನ್ನೊಂದು ವಿಲಕ್ಷಣ ಸಂಗತಿಯಿದೆ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಪುರುಷರ ವಿಭಾಗದಲ್ಲಿ 68 ತಂಡಗಳ ನಾಕೌಟ್ ನಡೆಸಿ ಚಾಂಪಿಯನ್ನನ್ನು ಘೋಷಿಸುತ್ತದೆ. ಫುಟ್‌ಬಾಲಿನ ಎರಡನೆಯ ದರ್ಜೆಗೂ 1978ರಿಂದ ಪ್ಲೇಆಫ್ ನಡೆಸುತ್ತಿದೆ. ಆದರೆ ಫುಟ್‌ಬಾಲಿನ ಅತ್ಯುನ್ನತ ದರ್ಜೆಗೆ ಮಾತ್ರ ಅದು ಇಂದಿಗೂ ತನ್ನದೇ ಪಟ್ಟವನ್ನು ಕೊಡುವುದಿಲ್ಲ. ಆ ಖಾಲಿ ಜಾಗವನ್ನು ಕಾಲಕಾಲಕ್ಕೆ ಬೇರೆ ಬೇರೆಯವರು ತುಂಬಿದ್ದಾರೆ.

ಪತ್ರಕರ್ತರು ಕಟ್ಟಿದ ಪಟ್ಟ

ಮೊದಲು ತುಂಬಿದವರು ಪತ್ರಕರ್ತರು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 1936ರಿಂದ ಕ್ರೀಡಾ ವರದಿಗಾರರ ಮತ ಸಂಗ್ರಹಿಸಿ ಪ್ರತಿ ವಾರ ತಂಡಗಳ ಕ್ರಮಾಂಕ ಪ್ರಕಟಿಸತೊಡಗಿತು. ಕೊನೆಯ ವಾರದ ಪಟ್ಟಿಯಲ್ಲಿ ಮೊದಲು ನಿಂತ ತಂಡವೇ ರಾಷ್ಟ್ರೀಯ ಚಾಂಪಿಯನ್. ಆ ಮೊದಲ ವರ್ಷ ಪಟ್ಟ ಪಡೆದ ಮಿನೆಸೋಟ ನಾರ್ತ್‌ವೆಸ್ಟರ್ನ್ ಎದುರು ಒಂದು ಪಂದ್ಯ ಸೋತಿತ್ತು ಎಂಬುದನ್ನು ಗಮನಿಸಬೇಕು. ಸೋಲಿನ ಲೆಕ್ಕಕ್ಕಿಂತ ಒಟ್ಟು ಅಭಿಪ್ರಾಯ ಮುಖ್ಯವೆಂಬ ಪದ್ಧತಿ ಆರಂಭದಿಂದಲೇ ಇತ್ತು. 1950ರಿಂದ ತರಬೇತುದಾರರ ಮತಗಣನೆಯೂ ಶುರುವಾಯಿತು. ಎರಡು ಪಟ್ಟಿಗಳೆಂದರೆ ಎರಡು ಉತ್ತರಗಳು ಬರಬಹುದು, ಬಂದವು.

ಸೂಕ್ಷ್ಮವಾಗಿ ನೋಡಿದರೆ ಇದು ಪಂದ್ಯಾವಳಿಯ ಟ್ರೋಫಿಗಿಂತ ಸಾಹಿತ್ಯ ಪ್ರಶಸ್ತಿಗೆ ಹತ್ತಿರವಾದದ್ದು. ವರ್ಷದ ಅತ್ಯುತ್ತಮ ಕಾದಂಬರಿಯನ್ನು ತೀರ್ಪುಗಾರರು ಆರಿಸುತ್ತಾರೆಯೇ ಹೊರತು ಎರಡು ಕಾದಂಬರಿಗಳನ್ನು ಅಖಾಡಕ್ಕಿಳಿಸಿ ಕುಸ್ತಿ ಮಾಡಿಸುವುದಿಲ್ಲ. ಆದರೆ ಕಾದಂಬರಿಗಳಿಗೆ ಕುಸ್ತಿ ಬರುವುದಿಲ್ಲ, ಫುಟ್‌ಬಾಲ್ ತಂಡಗಳಿಗೆ ಬರುತ್ತದೆ. 1958–59ರಿಂದ 1972–73ರವರೆಗೆ ಹದಿನೈದು ವರ್ಷ ಸತತವಾಗಿ ರಣಜಿ ಗೆದ್ದ ಬಾಂಬೆಯನ್ನು ಮರುವರ್ಷ ಸೆಮಿಫೈನಲ್‌ನಲ್ಲಿ ಹಿಂದಿಕ್ಕಿ ಕರ್ನಾಟಕ ತನ್ನ ಮೊದಲ ರಣಜಿಯನ್ನು ಎತ್ತಿಕೊಂಡಿತು. ಆ ವರ್ಷದ ಚಾಂಪಿಯನ್ನನ್ನು ದೇಶದ ಕ್ರೀಡಾ ವರದಿಗಾರರು ಮತ ಹಾಕಿ ಆರಿಸುವ ಪದ್ಧತಿಯಿದ್ದು, ಆ ಸೆಮಿಫೈನಲ್ ನಡೆಯದೆಯೇ ಇದ್ದಿದ್ದರೆ ಎಷ್ಟು ಮತಗಳು ಕರ್ನಾಟಕಕ್ಕೆ ಬೀಳುತ್ತಿದ್ದವು ಎಂದು ಯೋಚಿಸಿದರೆ ಅಮೆರಿಕದ ಸಣ್ಣ ತಂಡಗಳ ಅಳಲು ತಾನಾಗಿ ಅರ್ಥವಾಗುತ್ತದೆ.

ಋತು ಮುಗಿದ ಮೇಲೆ ದೊಡ್ಡ ತಂಡಗಳು ಪರಸ್ಪರ ಆಡುತ್ತಿರಲಿಲ್ಲವೆಂದಲ್ಲ. ಅದಕ್ಕೆ ‘ಬೌಲ್’ ಪಂದ್ಯಗಳಿದ್ದವು. ಕ್ಯಾಲಿಫೋರ್ನಿಯದ ಪ್ಯಾಸಡೀನ ನಗರದಲ್ಲಿ 1902ರಲ್ಲಿ ಮೊದಲು ನಡೆದ ಪಂದ್ಯವೇ ಮುಂದೆ ರೋಸ್ ಬೌಲ್ ಆಯಿತು. ಬಳಿಕ ಆರೆಂಜ್, ಶುಗರ್, ಕಾಟನ್ ಹೀಗೆ ಒಂದೊಂದು ಊರೂ ತನ್ನ ಬೆಳೆಯ ಹೆಸರಿನಲ್ಲೋ ಉದ್ಯಮದ ಹೆಸರಿನಲ್ಲೋ ಒಂದೊಂದು ಬೌಲ್ ಕಟ್ಟಿಕೊಂಡಿತು. ಚಳಿಗಾಲದಲ್ಲಿ ಪ್ರವಾಸಿಗರನ್ನು ಸೆಳೆಯುವ ಹೊಸವರ್ಷದ ಜಾತ್ರೆಗಳು ಇವು. ಜಾತ್ರೆಗೆ ಯಾರನ್ನು ಕರೆಯಬೇಕೆಂದು ಆಯಾ ಊರಿನವರೇ ಒಪ್ಪಂದ ಮಾಡಿಕೊಳ್ಳುತ್ತಿದ್ದರು. ಬಿಗ್ ಟೆನ್ ಚಾಂಪಿಯನ್ನೂ ಪಶ್ಚಿಮ ಕರಾವಳಿಯ ಚಾಂಪಿಯನ್ನೂ ರೋಸ್ ಬೌಲ್‌ನಲ್ಲಿ ಆಡಬೇಕೆಂಬ ಕರಾರು 1947ರ ಪಂದ್ಯದಿಂದ ಜಾರಿಗೆ ಬಂತು. ಹೀಗಾಗಿ ದೇಶದ ಮೊದಲ ಮತ್ತು ಎರಡನೆಯ ಕ್ರಮಾಂಕದ ತಂಡಗಳು ಬೇರೆ ಬೇರೆ ಕರಾರುಗಳಿಗೆ ಕಟ್ಟುಬಿದ್ದು, ಒಂದೇ ದಿನ ಬೇರೆ ಬೇರೆ ಊರುಗಳಲ್ಲಿ ಬೇರೆಯವರೊಡನೆ ಆಡುವುದು ಮಾಮೂಲಾಯಿತು.

ಬೌಲ್ ಪಂದ್ಯಗಳನ್ನು ಪಟ್ಟದ ಲೆಕ್ಕಕ್ಕೆ ಹಿಡಿಯದ ಕಾಲವೂ ಇತ್ತು. ತರಬೇತುದಾರರ ಕೊನೆಯ ಮತಗಣನೆ ಬೌಲ್‌ಗಳಿಗೆ ಮುಂಚೆಯೇ ನಡೆದುಹೋಗುತ್ತಿತ್ತು. 1973ರಲ್ಲಿ ಅವರು ಅಲಬಾಮವನ್ನು ಚಾಂಪಿಯನ್ ಎಂದು ಘೋಷಿಸಿದ ಮೇಲೆ ಅದೇ ಅಲಬಾಮ ಡಿಸೆಂಬರ್ 31ರಂದು ಶುಗರ್ ಬೌಲ್‌ನಲ್ಲಿ ನೋಟರ್‌ಡಾಮ್ ಎದುರು 24–23ರಿಂದ ಸೋತಿತು. ಮರುವರ್ಷದಿಂದ ಮತಗಣನೆಯನ್ನು ಬೌಲ್‌ಗಳ ನಂತರಕ್ಕೆ ಹಾಕಲಾಯಿತು.

1990ರ ಕತೆ ಇದಕ್ಕಿಂತ ಸ್ವಾರಸ್ಯಕರ. ಮೇಲೆ ಹೇಳಿದ ನಾಲ್ಕು ಯತ್ನಗಳ ನಿಯಮವನ್ನು ನೆನೆಯಿರಿ. ಮಿಸೂರಿ ವಿರುದ್ಧದ ಪಂದ್ಯದ ಕೊನೆಯ ಕ್ಷಣಗಳಲ್ಲಿ ಪಂದ್ಯದ ಅಧಿಕಾರಿಗಳು ಎಣಿಕೆ ತಪ್ಪಿ ಕೊಲರಾಡೊ ತಂಡಕ್ಕೆ ಐದನೆಯ ಯತ್ನ ಕೊಟ್ಟರು. ಆ ಐದನೆಯದರಲ್ಲೇ ಅಂಕ ಗಳಿಸಿ ಕೊಲರಾಡೊ 33–31ರಿಂದ ಗೆದ್ದಿತು. ವರ್ಷದ ಕೊನೆಗೆ ಪತ್ರಕರ್ತರು ಆ ಕೊಲರಾಡೊವನ್ನೇ ಚಾಂಪಿಯನ್ ಎಂದರು. ತರಬೇತುದಾರರು ಸೋಲೇ ಇಲ್ಲದ, ಒಂದು ಪಂದ್ಯವನ್ನಷ್ಟೇ ಸಮ ಮಾಡಿಕೊಂಡಿದ್ದ ಜಾರ್ಜಿಯಾ ಟೆಕ್ ಎಂದರು, ಅದೂ ಕೇವಲ ಒಂದು ಮತಾಂಕದ ಅಂತರದಿಂದ. ಮರುವರ್ಷ ಮಯಾಮಿ ಮತ್ತು ವಾಷಿಂಗ್ಟನ್, 1997ರಲ್ಲಿ ಮಿಶಿಗನ್ ಮತ್ತು ನೆಬ್ರಾಸ್ಕ ಹೀಗೆಯೇ ಪಟ್ಟ ಹಂಚಿಕೊಂಡವು.

ಪಟ್ಟ ಕಟ್ಟುವ ಅಧಿಕೃತ ಕೈ ಇಲ್ಲದಿರುವುದರಿಂದ ವಿಶ್ವವಿದ್ಯಾಲಯಗಳು ತಾವೇ ತಲೆಗೆ ಪೇಟ ಸುತ್ತಿಕೊಂಡದ್ದೂ ಇದೆ. ಅಲಬಾಮ ತನ್ನದೆಂದು ಹೇಳುವ ಪಟ್ಟಗಳಲ್ಲಿ 1941ರದ್ದೂ ಒಂದು. ಆ ವರ್ಷ ಪತ್ರಕರ್ತರ ಪಟ್ಟಿಯಲ್ಲಿ ಅದರ ಸ್ಥಾನ ಇಪ್ಪತ್ತನೆಯದು. ಯಾವುದೋ ಒಂದು ಗಣಿತಸೂತ್ರ ಅದನ್ನು ಮೊದಲು ನಿಲ್ಲಿಸಿತ್ತು, ಅಷ್ಟು ಸಾಕಾಯಿತು.

ಕಂಪ್ಯೂಟರ್ ಬಂದ ಕಾಲ

1998ರಲ್ಲಿ ದೊಡ್ಡ ಕಾನ್ಫರೆನ್ಸುಗಳೂ ಬೌಲ್‌ಗಳೂ ಒಟ್ಟಾಗಿ ಬಿಸಿಎಸ್ ಎಂಬ ಏರ್ಪಾಡನ್ನು ತಂದವು. ಮತಗಣನೆಗಳನ್ನೂ ಹಲವು ಕಂಪ್ಯೂಟರ್ ಲೆಕ್ಕಾಚಾರಗಳನ್ನೂ ಒಂದು ಸೂತ್ರದಲ್ಲಿ ಬೆರೆಸಿ, ಮೊದಲೆರಡು ಸ್ಥಾನ ಪಡೆದವರ ನಡುವೆ ಒಂದೇ ಒಂದು ಫೈನಲ್ ಆಡಿಸುವುದು ಅದರ ಸಾರ. ಮತದಾರರು ಹೆಸರಿಗೆ ಮರುಳಾಗುತ್ತಾರೆ, ತಮ್ಮ ಊರಿನ ತಂಡವನ್ನೇ ಹೆಚ್ಚಾಗಿ ನೋಡಿರುತ್ತಾರೆ. ಯಂತ್ರಕ್ಕೆ ಊರಿಲ್ಲ ಎಂಬುದು ಇದರ ಹಿಂದಿದ್ದ ನಂಬಿಕೆ.

ಯಂತ್ರಕ್ಕೆ ಊರಿಲ್ಲ ನಿಜ, ಆದರೆ ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂದು ಅದಕ್ಕೆ ಹೇಳಿಕೊಡುವವರು ಮನುಷ್ಯರೇ. ಐವತ್ತು ಅಂಕಗಳಿಂದ ಗೆದ್ದವನಿಗೆ ಮೂರು ಅಂಕಗಳಿಂದ ಗೆದ್ದವನಿಗಿಂತ ಹೆಚ್ಚು ಮನ್ನಣೆ ಕೊಡಬೇಕೆ? ಕೊಟ್ಟರೆ ದುರ್ಬಲರನ್ನು ಹಿಗ್ಗಾಮುಗ್ಗಾ ಥಳಿಸುವುದಕ್ಕೆ ಉತ್ತೇಜನ ಕೊಟ್ಟಂತೆ; ಕೊಡದಿದ್ದರೆ ಬಲಾಬಲದ ನಿಜವಾದ ಸುಳಿವೊಂದನ್ನು ಬಿಸಾಡಿದಂತೆ. ಬಿಸಿಎಸ್ ಮೊದಲು ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಆಮೇಲೆ ಕೈಬಿಟ್ಟಿತು. 2001ರಲ್ಲಿ ನೆಬ್ರಾಸ್ಕ ತನ್ನ ಕೊನೆಯ ಲೀಗ್ ಪಂದ್ಯದಲ್ಲಿ ಕೊಲರಾಡೊ ಎದುರು 62–36ರಿಂದ ಸೋತು, ತನ್ನ ಕಾನ್ಫರೆನ್ಸನ್ನೂ ಗೆಲ್ಲದೆ ಸೂತ್ರದ ಬಲದಿಂದ ಫೈನಲ್ ತಲುಪಿತು. ಅಲ್ಲಿ ಮಯಾಮಿ ಅದನ್ನು 37–14ರಿಂದ ಸೋಲಿಸಿತು.

2003ರಲ್ಲಿ ಇದಕ್ಕಿಂತ ದೊಡ್ಡ ಪೇಚಾಯಿತು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ಎರಡೂ ಮತಗಣನೆಗಳಲ್ಲಿ ಮೊದಲ ಸ್ಥಾನದಲ್ಲಿದ್ದರೂ ಸೂತ್ರ ಅದನ್ನು ಮೂರನೆಯ ಸ್ಥಾನಕ್ಕೆ ತಳ್ಳಿ, ಕಾನ್ಫರೆನ್ಸ್ ಫೈನಲ್‌ನಲ್ಲಿ 35–7ರಿಂದ ಮುಗ್ಗರಿಸಿದ್ದ ಓಕ್ಲಹೋಮವನ್ನು ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ಎದುರಿನ ಫೈನಲ್‌ಗೆ ಕಳಿಸಿತು. ಫೈನಲ್ ಗೆದ್ದ ಎಲ್‌ಎಸ್‌ಯುಗೆ ಒಂದು ಪಟ್ಟ ಸಿಕ್ಕಿತು, ಪತ್ರಕರ್ತರು ತಮ್ಮ ಪಟ್ಟವನ್ನು ದಕ್ಷಿಣ ಕ್ಯಾಲಿಫೋರ್ನಿಯಕ್ಕೇ ಕಟ್ಟಿದರು. ಪಟ್ಟ ಒಡೆಯಬಾರದೆಂದು ತಂದ ಏರ್ಪಾಡಿನಲ್ಲೇ ಪಟ್ಟ ಒಡೆಯಿತು. ಮರುವರ್ಷ ಸೋಲರಿಯದ ಆಬರ್ನ್ ಹೊರಗುಳಿಯಿತು, ಏಕೆಂದರೆ ಸೋಲರಿಯದ ದೊಡ್ಡ ತಂಡಗಳು ಇನ್ನೂ ಎರಡಿದ್ದವು, ಫೈನಲ್‌ನಲ್ಲಿ ಇದ್ದದ್ದು ಎರಡೇ ಜಾಗ. ಆ ಋತುವಿನ ಬಳಿಕ ಅಸೋಸಿಯೇಟೆಡ್ ಪ್ರೆಸ್ ತನ್ನ ಮತಗಣನೆಯನ್ನು ಸೂತ್ರಕ್ಕೆ ಬಳಸಕೂಡದೆಂದು ಹೊರಬಂತು.

ಸಣ್ಣ ಕಾನ್ಫರೆನ್ಸುಗಳ ಪಾಡು ಇನ್ನೂ ಕಷ್ಟದ್ದು. 2008ರಲ್ಲಿ ಯೂಟಾ ಎಲ್ಲ ಪಂದ್ಯಗಳನ್ನೂ ಗೆದ್ದು, ಶುಗರ್ ಬೌಲ್‌ನಲ್ಲಿ ಅಲಬಾಮದಂಥ ಅಲಬಾಮವನ್ನೇ 31–17ರಿಂದ ಮಣಿಸಿದರೂ ಪಟ್ಟದ ಪಂದ್ಯಕ್ಕೆ ಅದನ್ನು ಕರೆದಿರಲಿಲ್ಲ.

ನಾಲ್ಕು ಕುರ್ಚಿ

2014ರ ಋತುವಿನಿಂದ ಕಾಲೇಜು ಫುಟ್‌ಬಾಲ್ ಪ್ಲೇಆಫ್ ಆರಂಭವಾಯಿತು. ಸೂತ್ರವನ್ನು ಬದಿಗಿಟ್ಟು, ಕ್ರೀಡಾ ನಿರ್ದೇಶಕರು, ಮಾಜಿ ತರಬೇತುದಾರರು ಮುಂತಾದ ಹನ್ನೆರಡು–ಹದಿಮೂರು ಮಂದಿಯ ಸಮಿತಿಯನ್ನು ಕೂರಿಸಲಾಯಿತು. ಟೆಕ್ಸಸ್‌ನ ಗ್ರೇಪ್‌ವೈನ್ ಎಂಬಲ್ಲಿನ ಹೋಟೆಲೊಂದರಲ್ಲಿ ಸೇರುವ ಇವರು ಋತುವಿನ ಕೊನೆಯ ವಾರಗಳಲ್ಲಿ ಪ್ರತಿ ವಾರ ಇಪ್ಪತ್ತೈದು ತಂಡಗಳ ಪಟ್ಟಿ ಹೊರಡಿಸುತ್ತಾರೆ. ತನ್ನ ಸ್ವಂತ ವಿಶ್ವವಿದ್ಯಾಲಯದ ಚರ್ಚೆ ಬಂದಾಗ ಸದಸ್ಯ ಎದ್ದು ಹೊರಗೆ ಹೋಗಬೇಕೆಂಬ ನಿಯಮವಿದೆ. ಕೊನೆಯ ಪಟ್ಟಿಯ ಮೊದಲ ನಾಲ್ವರಿಗೆ ಸೆಮಿಫೈನಲ್, ಗೆದ್ದವರಿಗೆ ಫೈನಲ್.

ಮೊದಲ ವರ್ಷವೇ ನಾಲ್ಕನೆಯವರಾಗಿ ಒಳಬಂದ ಓಹಿಯೊ ಸ್ಟೇಟ್ ಮೊದಲನೆಯ ಅಲಬಾಮವನ್ನೂ ಎರಡನೆಯ ಆರಿಗನನ್ನೂ ಸೋಲಿಸಿ ಪಟ್ಟ ಹೊತ್ತಿತು. ಹಳೆಯ ಪದ್ಧತಿಯಲ್ಲಿ ಆ ತಂಡಕ್ಕೆ ಆಡುವ ಅವಕಾಶವೇ ಇರುತ್ತಿರಲಿಲ್ಲ. ಆದರೆ ಅದೇ ವರ್ಷ ಮೂರನೆಯ ಸ್ಥಾನದಲ್ಲಿದ್ದ ಟಿಸಿಯು (ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯ) ತನ್ನ ಕೊನೆಯ ಪಂದ್ಯವನ್ನು 55–3ರಿಂದ ಗೆದ್ದು ಆರನೆಯ ಸ್ಥಾನಕ್ಕೆ ಇಳಿಯಿತು. ಗೆದ್ದು ಇಳಿಯುವುದು ಹೇಗೆ? ಸಮಿತಿ ಪ್ರತಿ ವಾರ ಹಿಂದಿನ ಪಟ್ಟಿಯನ್ನು ತಿದ್ದುವುದಿಲ್ಲ, ಹೊಸದಾಗಿ ಬರೆಯುತ್ತದೆ. ಆ ವಾರ ಬೇರೆಯವರು ತಮ್ಮ ಕಾನ್ಫರೆನ್ಸುಗಳನ್ನು ಗೆದ್ದು ಹೆಚ್ಚಿನ ಪುರಾವೆ ತಂದಿದ್ದರು.

ಇಲ್ಲಿ ಈ ವಿಷಯದ ನಡುಗಂಬಕ್ಕೆ ಬಂದೆವು. ಸಮಿತಿಗೆ ಕೊಟ್ಟ ಕೆಲಸ ‘ಅತ್ಯುತ್ತಮ’ ತಂಡಗಳನ್ನು ಆರಿಸುವುದು. ಅಭಿಮಾನಿಗಳು ಕೇಳುವುದು ‘ಅರ್ಹ’ ತಂಡಗಳನ್ನು. ಎರಡೂ ಒಂದೇ ಅಲ್ಲ. ನಾಳೆ ಆಡಿಸಿದರೆ ಯಾರು ಗೆಲ್ಲಬಹುದು ಎಂಬುದು ಮುಂದಿನದರ ಊಹೆ. ಇದುವರೆಗೆ ಆಡಿ ಯಾರು ಏನು ಗಳಿಸಿದರು ಎಂಬುದು ಹಿಂದಿನದರ ಲೆಕ್ಕ. ವರ್ಷವಿಡೀ ಮೊದಲ ರ‍್ಯಾಂಕ್ ಪಡೆಯುತ್ತಿದ್ದ ವಿದ್ಯಾರ್ಥಿ ಪರೀಕ್ಷೆಯ ದಿನ ಜ್ವರ ಬಂದು ಕಡಿಮೆ ಅಂಕ ತೆಗೆದರೆ ಅವನು ಅತ್ಯುತ್ತಮನಾಗಿಯೇ ಇರಬಹುದು, ಆದರೆ ಸೀಟು ಸಿಗುವುದು ಅಂಕಕ್ಕೆ. 2023ರಲ್ಲಿ ಫ್ಲಾರಿಡಾ ಸ್ಟೇಟ್‌ಗೆ ಇದರ ತಿರುವುಮುರುವು ಆಯಿತು: ಅಂಕ ಪೂರ್ತಿ ಇತ್ತು, ಮುಂದಿನ ಪರೀಕ್ಷೆಯನ್ನು ಅವರು ಚೆನ್ನಾಗಿ ಬರೆಯಲಾರರೆಂದು ಸೀಟು ತಪ್ಪಿತು. ಪ್ರಮುಖ ಆಟಗಾರರ ಗೈರುಹಾಜರಿಯನ್ನು ಪರಿಗಣಿಸಲು ಸಮಿತಿಯ ನಿಯಮಾವಳಿಯಲ್ಲಿ ಅವಕಾಶವಿತ್ತಾದ್ದರಿಂದ ನಿಯಮಭಂಗವಾಗಿರಲಿಲ್ಲ. ಬಳಿಕ ಆರೆಂಜ್ ಬೌಲ್‌ನಲ್ಲಿ ಆ ತಂಡ ಜಾರ್ಜಿಯಾ ಎದುರು 63–3ರಿಂದ ಸೋತಾಗ ಸಮಿತಿಯ ಪರವಾದವರು ‘ನೋಡಿದಿರಾ’ ಎಂದರು. ಪಟ್ಟದ ಆಸೆ ಕಳೆದುಕೊಂಡು ಅನೇಕ ಆಟಗಾರರು ಆ ಪಂದ್ಯಕ್ಕೆ ಇಳಿದೇ ಇರಲಿಲ್ಲ ಎಂಬುದನ್ನು ಎದುರುಪಕ್ಷ ನೆನಪಿಸಿತು. ಆ ಸೋಲು ಯಾವ ವಾದವನ್ನೂ ಸಾಬೀತುಪಡಿಸುವುದಿಲ್ಲವೆಂದೇ ನನಗನಿಸುತ್ತದೆ.

ಅದಕ್ಕೂ ಮೊದಲು 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯ ಹದಿಮೂರಕ್ಕೆ ಹದಿಮೂರು ಗೆದ್ದು, ಆ ವರ್ಷದ ಇಬ್ಬರು ಫೈನಲಿಸ್ಟರನ್ನೂ ಲೀಗ್ ಹಂತದಲ್ಲಿ ಸೋಲಿಸಿದ್ದ ಆಬರ್ನನ್ನು ಪೀಚ್ ಬೌಲ್‌ನಲ್ಲಿ ಮಣಿಸಿ, ತಾನೇ ರಾಷ್ಟ್ರೀಯ ಚಾಂಪಿಯನ್ ಎಂದು ಘೋಷಿಸಿಕೊಂಡಿತ್ತು. ಸಣ್ಣ ಕಾನ್ಫರೆನ್ಸಿನ ತಂಡವೊಂದು ನಾಲ್ಕರೊಳಗೆ ಕಾಲಿಟ್ಟದ್ದು 2021ರಲ್ಲಿ ಸಿನ್ಸಿನಾಟಿ ಮಾತ್ರ.

ಹನ್ನೆರಡಾದರೆ ಸಾಕೆ?

2024ರ ಋತುವಿನಲ್ಲಿ ನಾಲ್ಕು ಹನ್ನೆರಡಾಯಿತು. ಕಾನ್ಫರೆನ್ಸ್ ಚಾಂಪಿಯನ್ನರಲ್ಲಿ ಸಮಿತಿಯ ಪಟ್ಟಿಯಲ್ಲಿ ಅತಿ ಮೇಲಿರುವ ಐವರಿಗೆ ನೇರ ಪ್ರವೇಶ, ಉಳಿದ ಏಳು ಜಾಗ ಪಟ್ಟಿಯ ಕ್ರಮದಲ್ಲಿ. ಮೊದಲ ನಾಲ್ಕು ಶ್ರೇಯಾಂಕದವರು ಮೊದಲ ಸುತ್ತು ಆಡಬೇಕಿಲ್ಲ. ಐದರಿಂದ ಎಂಟರವರೆಗಿನವರು ತಮ್ಮ ಸ್ವಂತ ಕ್ರೀಡಾಂಗಣದಲ್ಲಿ ಒಂಬತ್ತರಿಂದ ಹನ್ನೆರಡರವರೆಗಿನವರನ್ನು ಎದುರಿಸುತ್ತಾರೆ. ಕ್ವಾರ್ಟರ್‌ಫೈನಲ್ ಮತ್ತು ಸೆಮಿಫೈನಲ್‌ಗಳು ಹಳೆಯ ಬೌಲ್‌ಗಳಲ್ಲೇ ನಡೆಯುತ್ತವೆ. ಜಾತ್ರೆಗಳನ್ನು ಯಾರೂ ನಿಲ್ಲಿಸಲಿಲ್ಲ, ಪಂದ್ಯಾವಳಿಯನ್ನೇ ಅವುಗಳ ಸುತ್ತ ಹೆಣೆದರು.

ವಿಶ್ರಾಂತಿ ಪಡೆದವರಿಗೆ ಐಪಿಎಲ್‌ನ ಮೊದಲೆರಡು ಸ್ಥಾನದವರಂತೆ ಎರಡನೆಯ ಅವಕಾಶವಿಲ್ಲ. ಅಲ್ಲಿ ಮೊದಲ ಕ್ವಾಲಿಫೈಯರ್ ಸೋತವರು ಇನ್ನೊಂದು ಪಂದ್ಯ ಆಡಬಹುದು. ಇಲ್ಲಿ ಸೋತರೆ ಮುಗಿಯಿತು. ಮೊದಲ ವರ್ಷ ವಿಶ್ರಾಂತಿ ಪಡೆದ ನಾಲ್ಕೂ ತಂಡಗಳು ತಮ್ಮ ಮೊದಲ ಪಂದ್ಯದಲ್ಲೇ ಸೋತವು. ಮೊದಲ ನಾಲ್ಕು ಶ್ರೇಯಾಂಕಗಳನ್ನು ಕಾನ್ಫರೆನ್ಸ್ ಚಾಂಪಿಯನ್ನರಿಗೇ ಮೀಸಲಿಟ್ಟದ್ದರಿಂದ, ಸಮಿತಿಯ ಪಟ್ಟಿಯಲ್ಲಿ ಹನ್ನೆರಡನೆಯದಾಗಿದ್ದ ಅರಿಜೋನಾ ಸ್ಟೇಟ್‌ಗೆ ನಾಲ್ಕನೆಯ ಶ್ರೇಯಾಂಕ ಸಿಕ್ಕಿ, ಆರನೆಯದಾಗಿದ್ದ ಓಹಿಯೊ ಸ್ಟೇಟ್ ಎಂಟಕ್ಕೆ ಇಳಿದಿತ್ತು. ಅದರ ಬಿಸಿ ತಟ್ಟಿದ್ದು ಅಗ್ರಸ್ಥಾನದ ಆರಿಗನ್‌ಗೆ: ಕ್ವಾರ್ಟರ್‌ಫೈನಲ್‌ನಲ್ಲೇ ಓಹಿಯೊ ಸ್ಟೇಟ್ ಎದುರಾಗಿ 41–21ರಿಂದ ಸೋತು ಹೊರಬಿತ್ತು. ಲೀಗ್ ಹಂತದಲ್ಲಿ ಎರಡು ಪಂದ್ಯ ಸೋತಿದ್ದ ಓಹಿಯೊ ಸ್ಟೇಟ್ 2025ರ ಜನವರಿ 20ರಂದು ನೋಟರ್‌ಡಾಮನ್ನು 34–23ರಿಂದ ಸೋಲಿಸಿ ಚಾಂಪಿಯನ್ ಆಯಿತು. ಮರುವರ್ಷ ಆ ಮೀಸಲಾತಿ ತೆಗೆದು, ಸಮಿತಿಯ ಕ್ರಮವನ್ನೇ ಶ್ರೇಯಾಂಕವಾಗಿ ಬಳಸಲಾಯಿತು.

ಹನ್ನೆರಡು ಜಾಗಗಳಿದ್ದರೆ ಜಗಳ ತಣ್ಣಗಾಗುತ್ತದೆಂದು ಭಾವಿಸಿದ್ದವರಿಗೆ 2025ರ ಡಿಸೆಂಬರ್ ಉತ್ತರ ಕೊಟ್ಟಿತು. ಮಯಾಮಿ ಮತ್ತು ನೋಟರ್‌ಡಾಮ್ ಎರಡೂ ಹತ್ತು ಗೆದ್ದು ಎರಡು ಸೋತಿದ್ದವು. ಋತುವಿನ ಆರಂಭದಲ್ಲಿ ಇಬ್ಬರೂ ಎದುರಾದಾಗ ಮಯಾಮಿ 27–24ರಿಂದ ಗೆದ್ದಿತ್ತು. ಆದರೂ ಸಮಿತಿ ವಾರಗಟ್ಟಲೆ ನೋಟರ್‌ಡಾಮನ್ನೇ ಮೇಲಿಟ್ಟು, ಕೊನೆಯ ಪಟ್ಟಿಯಲ್ಲಿ ಏಕಾಏಕಿ ಮಯಾಮಿಯನ್ನು ಹತ್ತಕ್ಕೂ ನೋಟರ್‌ಡಾಮನ್ನು ಹನ್ನೊಂದಕ್ಕೂ ಇಟ್ಟಿತು. ಆ ಕೊನೆಯ ವಾರ ಎರಡೂ ತಂಡಗಳು ಆಡಿರಲೇ ಇಲ್ಲ. ಹನ್ನೊಂದನೆಯ ಸ್ಥಾನದಲ್ಲಿದ್ದರೆ ಹನ್ನೆರಡರೊಳಗೆ ಬರಬೇಕಲ್ಲವೆ? ಬರಲಿಲ್ಲ. ಎಸಿಸಿಯ ಪ್ರಶಸ್ತಿಯನ್ನು ಐದು ಪಂದ್ಯ ಸೋತು ಸಮಿತಿಯ ಪಟ್ಟಿಯಲ್ಲಿ ಬಹಳ ಕೆಳಗುಳಿದಿದ್ದ ಡ್ಯೂಕ್ ಗೆದ್ದುಬಿಟ್ಟದ್ದರಿಂದ, ಐವರು ಚಾಂಪಿಯನ್ನರ ನೇರ ಪ್ರವೇಶದಲ್ಲಿ ಎರಡು ಜಾಗಗಳು ಹನ್ನೆರಡರ ಕೆಳಗಿದ್ದರೂ ಡ್ಯೂಕ್‌ಗಿಂತ ಮೇಲಿದ್ದ ಸಣ್ಣ ಕಾನ್ಫರೆನ್ಸುಗಳ ಟುಲೇನ್ ಮತ್ತು ಜೇಮ್ಸ್ ಮ್ಯಾಡಿಸನ್ ತಂಡಗಳಿಗೆ ಹೋದವು. ಇವೆರಡೂ ಮೊದಲ ಸುತ್ತಿನಲ್ಲೇ ಸೋತವು. ನೋಟರ್‌ಡಾಮ್ ಮುನಿಸಿಕೊಂಡು ಯಾವ ಬೌಲ್ ಪಂದ್ಯವನ್ನೂ ಆಡುವುದಿಲ್ಲವೆಂದಿತು.

ಕೊನೆಯವರಾಗಿ ಒಳಬಂದ ಮಯಾಮಿ ಟೆಕ್ಸಸ್ ಎ ಅಂಡ್ ಎಂ, ಓಹಿಯೊ ಸ್ಟೇಟ್, ಓಲ್ ಮಿಸ್ ತಂಡಗಳನ್ನು ಒಂದಾದ ಮೇಲೊಂದರಂತೆ ಸೋಲಿಸಿ ಫೈನಲ್ ತಲುಪಿತು. ಅಲ್ಲಿ ತಲೆಮಾರುಗಳಿಂದ ಸೋಲಿಗೇ ಹೆಸರಾಗಿದ್ದ ಇಂಡಿಯಾನ, 2026ರ ಜನವರಿ 19ರಂದು ಅದನ್ನು 27–21ರಿಂದ ಸೋಲಿಸಿ, ಹದಿನಾರಕ್ಕೆ ಹದಿನಾರನ್ನೂ ಗೆದ್ದು ಪಟ್ಟವೇರಿತು.

ಹೇಗೆ ಆರಿಸಬೇಕು: ಈಗ ನಡೆಯುತ್ತಿರುವ ಚರ್ಚೆ

ಜಾಗಗಳು ಎರಡಿದ್ದಾಗ ಮೂರನೆಯವನು ದೂರಿದ, ನಾಲ್ಕಿದ್ದಾಗ ಐದನೆಯವನು, ಹನ್ನೆರಡಿದ್ದಾಗ ಹನ್ನೊಂದನೆಯವನು. ಆದರೂ ಈ ದೂರುಗಳ ತೂಕ ಒಂದೇ ಅಲ್ಲ. ಸೋಲರಿಯದ ಆಬರ್ನ್ ಹೊರಗುಳಿದದ್ದಕ್ಕೂ ಎರಡು ಸೋತ ನೋಟರ್‌ಡಾಮ್ ಹೊರಗುಳಿದದ್ದಕ್ಕೂ ವ್ಯತ್ಯಾಸವಿದೆ. ನಿಜವಾದ ಚಾಂಪಿಯನ್ನೇ ಹೊರಗುಳಿದಿರಬಹುದೆಂಬ ಅನುಮಾನ ಜಾಗಗಳು ಹೆಚ್ಚಿದಂತೆ ಕಡಿಮೆಯಾಗುತ್ತ ಬಂದಿದೆ. ಅದಕ್ಕೆ ತೆತ್ತ ಬೆಲೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಶನಿವಾರಗಳದ್ದು. ಒಂದು ಸೋಲೂ ಪ್ರಾಣಾಂತಿಕವಾಗಿದ್ದ ಕಾಲದಲ್ಲಿ ಪ್ರತಿ ಪಂದ್ಯವೂ ನಾಕೌಟ್ ಇದ್ದಂತಿತ್ತು. ಈಗ ಎರಡು ಸೋತರೂ ದಾರಿಯಿರುವುದರಿಂದ ಆ ಬಿಗಿ ಸಡಿಲವಾಗಿದೆ ಎಂದು ಹಳಬರು ಹೇಳುವುದರಲ್ಲಿ ಹುರುಳಿಲ್ಲದಿಲ್ಲ.

ಮುಂದಿನ ದಾರಿಯ ಬಗ್ಗೆ ಎರಡು ಬಣಗಳಿವೆ. ಎಸ್‌ಇಸಿ ಬಯಸುವುದು ಹದಿನಾರು ತಂಡಗಳನ್ನು, ಅದರಲ್ಲಿ ಐದು ಜಾಗ ಚಾಂಪಿಯನ್ನರಿಗೆ, ಹನ್ನೊಂದು ಸಮಿತಿಯ ಆಯ್ಕೆಗೆ; ತನ್ನ ತಂಡಗಳು ಬಲಿಷ್ಠವಾಗಿರುವುದರಿಂದ ಸಮಿತಿ ತನಗೇ ಹೆಚ್ಚು ಜಾಗ ಕೊಡುತ್ತದೆಂಬ ವಿಶ್ವಾಸ ಅದಕ್ಕಿದೆ. ಬಿಗ್ ಟೆನ್ ಮೊದಲು ಪ್ರತಿ ದೊಡ್ಡ ಕಾನ್ಫರೆನ್ಸಿಗೆ ಇಂತಿಷ್ಟು ಜಾಗವೆಂದು ಮೊದಲೇ ಬರೆದುಕೊಡಬೇಕೆಂದು ಕೇಳಿ, ಬಳಿಕ ಇಪ್ಪತ್ತನಾಲ್ಕರ ಮಾತಾಡಿತು. ನಿಗದಿತ ಜಾಗಗಳಿದ್ದರೆ ಸಮಿತಿಯ ಮರ್ಜಿ ಬೇಡ, ಕಾನ್ಫರೆನ್ಸಿನೊಳಗಿನ ಅಂಕಪಟ್ಟಿ ಸಾಕು ಎಂಬ ಅನುಕೂಲವಿದೆ. ಆದರೆ ಯಾವ ಕಾನ್ಫರೆನ್ಸಿಗೆ ಎಷ್ಟು ಎಂಬುದನ್ನು ಹಿಂದಿನ ಪ್ರತಿಷ್ಠೆಯ ಮೇಲೆ ಬರೆಯಬೇಕಾಗುವುದರಿಂದ ಮರ್ಜಿ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದೇ ಬರುತ್ತದೆ. ಕ್ರೀಡಾ ವಾಹಿನಿ ಇಎಸ್‌ಪಿಎನ್ ಜೊತೆಗಿನ ಆರು ವರ್ಷಗಳ ಪ್ರಸಾರ ಒಪ್ಪಂದ 780 ಕೋಟಿ ಡಾಲರ್‌ಗಳದ್ದೆಂದು ತಿಳಿದಾಗ, ಪ್ರತಿ ಜಾಗಕ್ಕೂ ಇಷ್ಟೊಂದು ಹಗ್ಗಜಗ್ಗಾಟ ಏಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಎರಡು ಬಣಗಳು ಒಪ್ಪದ ಕಾರಣ 2026ರ ಋತುವಿಗೂ ಹನ್ನೆರಡೇ ಉಳಿದಿದೆ, ಆದರೆ ಪ್ರವೇಶದ ನಿಯಮ ಬದಲಾಗಿದೆ. ನಾಲ್ಕು ದೊಡ್ಡ ಕಾನ್ಫರೆನ್ಸುಗಳ ಚಾಂಪಿಯನ್ನರಿಗೆ ಕ್ರಮಾಂಕ ಎಷ್ಟೇ ಇರಲಿ ಜಾಗ ಖಚಿತ, ಸಣ್ಣ ಕಾನ್ಫರೆನ್ಸುಗಳ ಚಾಂಪಿಯನ್ನರಲ್ಲಿ ಅತಿ ಮೇಲಿರುವ ಒಬ್ಬರಿಗೆ ಜಾಗ ಖಚಿತ, ಮತ್ತು ನೋಟರ್‌ಡಾಮ್ ಸಮಿತಿಯ ಪಟ್ಟಿಯ ಮೊದಲ ಹನ್ನೆರಡರಲ್ಲಿದ್ದರೆ ಅದಕ್ಕೂ ಖಚಿತ. ಈ ನಿಯಮವನ್ನು 2025ರ ಕೊನೆಯ ಪಟ್ಟಿಗೆ ಹಚ್ಚಿ ನೋಡಿದರೆ ಐದು ಸೋಲಿನ ಡ್ಯೂಕ್ ಒಳಗೆ ಬಂದು ಜೇಮ್ಸ್ ಮ್ಯಾಡಿಸನ್ ಹೊರಗೆ ಹೋಗುತ್ತದೆ. ಹನ್ನೊಂದನೆಯ ನೋಟರ್‌ಡಾಮ್ ಒಳಗೆ ಬರುತ್ತದೆ. ಅದಕ್ಕೆ ಜಾಗ ಬಿಟ್ಟುಕೊಡಬೇಕಾದ ತಂಡ ಹತ್ತನೆಯ ಸ್ಥಾನದ ಮಯಾಮಿ.